ಪುಂಡಿಪಲ್ಯದ ಕಹಿ

ಡಾಕ್ಟರು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದಾಗ ನಾಗರತ್ನಾಳ ತಲೆ ತಾನಾಗಿ ತಗ್ಗಿತು. ಕುಡಿಯುತ್ತೀರೇನು ಎಂದು ಮೊದಲ ಸಲ ಕೇಳಿದಾಗ ಪಕ್ಕದಲ್ಲಿ ಕೂತಿದ್ದ ಗಂಡ ಶಿವಶರಣ ನಕ್ಕುಬಿಟ್ಟಿದ್ದ. ಕುಡೀತೀನ್ರಿ, ಚಹಾ ಭಾಳ ಕುಡೀತೀನಿ ಅಂದಿದ್ದ. ಡಾಕ್ಟರೂ ನಕ್ಕರು. ನಕ್ಕು, ಸ್ಕ್ಯಾನಿಂಗಿನ ಚಿತ್ರವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು.

"ಖರೇ ಹೇಳ್ರಿ. ಎಂದೂ ಇಲ್ಲೇನು?"

"ಎಂದೂ ಇಲ್ರಿ," ಅಂದ ಶಿವಶರಣ. ಈ ಸಲ ಅವನು ನಗಲಿಲ್ಲ.

ಹಾಗಾದರೆ ಇದು ಕುಡಿತದ್ದಲ್ಲ, ಕೂತು ಕೂತು, ಸಕ್ಕರೆ ಸೇರಿ ಸೇರಿ ಬಂದದ್ದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಲಿವರಿನಲ್ಲಿ ಕೊಬ್ಬು ತುಂಬಿದೆ, ಬಹಳ ದಿನದಿಂದ ತುಂಬಿದ್ದರಿಂದ ಅಲ್ಲಲ್ಲಿ ಗಟ್ಟಿಯಾಗತೊಡಗಿದೆ. ಹೆದರಬೇಕಾಗಿಲ್ಲ, ಆದರೆ ಉಡಾಫೆ ಮಾಡಬಾರದು. ಚಹಾಕ್ಕೆ ಸಕ್ಕರೆ ಬಿಡಬೇಕು, ಬಾಟಲಿಯ ತಂಪು ಪಾನಕ ಮುಟ್ಟಬಾರದು. ದಿನಾ ಮುಂಜಾನೆ ಮೈ ಬೆವರುವ ಹಾಗೆ ನಡೆಯಬೇಕು. ಹೊಟ್ಟೆ ಕರಗಬೇಕು, ಆದರೆ ಉಪವಾಸ ಬಿದ್ದು ಅಲ್ಲ, ನಿಧಾನಕ್ಕೆ. ಮೈಕೈ ನೋವೆಂದು ಮೆಡಿಕಲ್ ಅಂಗಡಿಯ ಗುಳಿಗೆ ನುಂಗಬಾರದು. ಯಾರೋ ಕೊಟ್ಟ ಬೇರು, ಪುಡಿ, ಕಷಾಯ ಅಂತೂ ಬೇಡವೇ ಬೇಡ, ಅದರಲ್ಲಿ ಏನಿರುತ್ತದೆಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ ಅಂದರು. ಮನೆಯ ರೊಟ್ಟಿ, ಬೇಳೆ, ಪಲ್ಯ ಇದ್ದದ್ದೇ ಒಳ್ಳೆಯದಂತೆ. ಅದನ್ನೇ ಉಣ್ಣಲಿ, ಎಣ್ಣೆ ಕಡಿಮೆ ಇರಲಿ.

ಮಗಳು ಪ್ರೀತಿ ಎಲ್ಲವನ್ನೂ ಬೆರಳು ಮಡಿಚಿ ಮಡಿಚಿ ನೆನಪಿಟ್ಟುಕೊಳ್ಳುತ್ತಿದ್ದಳು. ನಾಗರತ್ನಾಳ ಕಿವಿಗೆ ಮಾತ್ರ ಲಿವರ್ ಅನ್ನುವ ಒಂದು ಶಬ್ದ ಬಿಟ್ಟು ಬೇರೇನೂ ಬೀಳಲಿಲ್ಲ.

ಆ ಶಬ್ದವನ್ನು ಅವಳು ಮೊದಲು ಕೇಳಿದ್ದು ತವರಿನಲ್ಲಿ, ಕಮಲಾಪುರದಲ್ಲಿ. ಅವಳ ಅಣ್ಣ ದೌಲಪ್ಪ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದವನು. ಗೊನೆ ಹೊತ್ತುಕೊಂಡು ನಡೆದರೆ ನೆಲ ನಡುಗುವಂಥ ಆಳು. ಅವನು ಕುಡಿಯಲಿಕ್ಕೆ ಬಿದ್ದು, ಹೊಟ್ಟೆ ಮಡಕೆಯ ಹಾಗೆ ಉಬ್ಬಿ, ಕಣ್ಣು ಅರಿಸಿನವಾಗಿ ಹೋದ. ಲಿವರ್ ಹೋಗ್ಯಾದ ಅಂತ ಊರವರು ಅಂದದ್ದರಲ್ಲಿ ಕನಿಕರಕ್ಕಿಂತ ಬೇರೆಯದೇ ಜಾಸ್ತಿ ಇತ್ತು. ಅಂದಿನಿಂದ ನಾಗರತ್ನಾಳಿಗೆ ಅದು ರೋಗದ ಹೆಸರಾಗಿರಲಿಲ್ಲ, ಒಂದು ಬಗೆಯ ಗಂಡಸರ ಹೆಸರಾಗಿತ್ತು.

ಹೊರಗೆ ಬೆಂಚಿನ ಮೇಲೆ ಪಾಳಿಗೆ ಕಾಯುತ್ತಿದ್ದ ಮುದುಕನೊಬ್ಬ ಶಿವಶರಣನನ್ನು ತನ್ನಂತೆ ಕುಡಿಯುವವನೆಂದೇ ತಿಳಿದು ಮಾತಿಗೆಳೆದ. ತಾನು ಕುಡಿಯುವವನಲ್ಲ ಎಂದು ಶಿವಶರಣ ಹೇಳಿದಾಗ ಮುದುಕ, "ಇಲ್ಲಿ ಬರೋರೆಲ್ಲಾ ಚಹಾ ಕುಡ್ಯೋರೇ ಬಿಡಪ್ಪಾ," ಅಂದ. ಸುತ್ತ ಕೂತವರು ನಕ್ಕರು. ಪ್ರೀತಿಯೂ ನಕ್ಕಳು. ನಾಗರತ್ನಾ ಸೆರಗು ಎಳೆದುಕೊಂಡು ಎಲ್ಲರಿಗಿಂತ ಮುಂದೆ ಮೆಟ್ಟಿಲು ಇಳಿದಳು.

ಶಿವಶರಣನ ಚಹಾದ ಕತೆ ಸುಳ್ಳಲ್ಲ. ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ದತ್ತಪ್ಪ ಸೇಠರ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕಾಲು ಮಡಚಿ ಕೂತು ಸೀರೆ ಬಿಚ್ಚಿ ತೋರಿಸುವುದು ಅವನ ಕೆಲಸ. ಮೀಸೆ ಬರುವ ಮೊದಲೇ ಹಿಡಿದ ಕೆಲಸ, ಈಗ ಮೀಸೆ ಬೆಳ್ಳಗಾಗಿತ್ತು. ಲಗ್ನದ ಜವಳಿ ತೆಗೆಯಲು ಮನೆಮಂದಿಯೆಲ್ಲ ಬಂದು ಕೂತರೆ ಅಂಗಡಿಯಿಂದ ಚಹಾ ಬರುತ್ತದೆ. ಬಂದ ಹಿರಿಯರು, ನೀವೂ ತಗೋರಿ ಎಂದು ಒಂದು ಕಪ್ಪನ್ನು ಸೀರೆ ತೋರಿಸುವವನ ಮುಂದೆ ಸರಿಸುತ್ತಾರೆ. ಶುಭಕಾರ್ಯದ ಚಹಾ ಬೇಡ ಅನ್ನುವ ಹಾಗಿಲ್ಲ, ಅಂದರೆ ಅವರ ಮುಖ ಸಣ್ಣದಾಗುತ್ತದೆ, ಜವಳಿ ಬೇರೆ ಅಂಗಡಿಗೆ ಹೋಗುತ್ತದೆ. ಅಂಟುವಷ್ಟು ಸಕ್ಕರೆಯ ಆ ಚಹಾವನ್ನು ಶಿವಶರಣ ಒಂದು ಮನೆತನದ ಮೇಲೊಂದು ಮನೆತನದ ಜೊತೆ ಕೂತಲ್ಲೇ ಕೂತು ಕುಡಿಯುತ್ತಾ ಬಂದಿದ್ದ. ಕಲಬುರಗಿಯ ಎಷ್ಟು ಲಗ್ನಗಳು ಅವನ ಹೊಟ್ಟೆಯಲ್ಲಿದ್ದವೋ.

ಇದೆಲ್ಲ ನಾಗರತ್ನಾಳಿಗೆ ಗೊತ್ತಿತ್ತು. ಆದರೆ ಅವಳಿಗೆ ಇನ್ನೊಂದೂ ಗೊತ್ತಿತ್ತು, ಅದು ಯಾಲಕ್ಕಿ. ಲಗ್ನದ ಸೀಜನ್ನಿನಲ್ಲಿ ತಡವಾಗಿ ಮನೆಗೆ ಬಂದಾಗಲೆಲ್ಲ ಶಿವಶರಣನ ಬಾಯಿ ಯಾಲಕ್ಕಿಯ ವಾಸನೆ ಹೊಡೆಯುತ್ತಿತ್ತು. ದೌಲಪ್ಪನೂ ಕುಡಿದ ವಾಸನೆ ಮುಚ್ಚಲು ಯಾಲಕ್ಕಿ ಅಗಿಯುತ್ತಿದ್ದ. ಒಗೆಯಲು ಅವನ ಅಂಗಿ ತೆಗೆದಾಗ ಜೇಬಿನಿಂದ ಸಿಪ್ಪೆ ಉದುರುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡನ ಯಾಲಕ್ಕಿ ವಾಸನೆ ಅವಳಿಗೆ ಹಿಡಿಸಿತ್ತು, ಅಂಗಡಿಯ ಅತ್ತರು ಹಚ್ಚಿದ ಸೀರೆಗಳ ವಾಸನೆಯ ಜೊತೆ ಅದೂ ಒಂದು ಎಂದುಕೊಂಡಿದ್ದಳು. ಡಾಕ್ಟರ ಪ್ರಶ್ನೆಯಾದ ಮೇಲೆ ಅದೇ ವಾಸನೆ ಬೇರೆಯಾಯಿತು.

ಮಾರನೇ ದಿನ ಪ್ರೀತಿ ಕಾಲೇಜಿಗೆ ಹೋದ ಮೇಲೆ ಅವಳು ಗಂಡನನ್ನು ಪೂಜೆಯ ಮುಂದಿನಿಂದ ಏಳಗೊಡಲಿಲ್ಲ. ಬ್ರಹ್ಮಪುರದ ಅವರ ಮನೆಯಲ್ಲಿ ದೇವರಿಗೂ ಅಡುಗೆಗೂ ಒಂದೇ ಕೋಣೆ. ಒಲೆಯ ಕಡೆ ಬೆನ್ನು ಮಾಡಿ ಕೂತಿದ್ದ ಅವನ ಎದುರು ಕೂತು ಒಂದೇ ಮಾತು ಕೇಳಿದಳು. ಅವನಿಗೆ ಸಿಟ್ಟು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ತೆಗೆದುಕೊಂಡು, ತಾನು ಎಂದೂ ಕುಡಿದವನಲ್ಲ ಅಂದ.

"ನಂಬಿದೇನು?"

"ನಂಬೀನ್ರಿ," ಅಂದಳು ನಾಗರತ್ನಾ.

ಅವಳು ನಂಬಿರಲಿಲ್ಲ. ದೌಲಪ್ಪನೂ ಹೀಗೆಯೇ, ಇದೇ ರೀತಿ ಅಂಗೈಯಲ್ಲಿ ಲಿಂಗ ಹಿಡಿದು ಆಣೆ ಮಾಡಿದ್ದ. ಆಗ ಅವಳು ಅವನ ಪರವಾಗಿ ಅತ್ತಿಗೆಯ ಜೊತೆ ಜಗಳಾಡಿದ್ದಳು. ನನ್ನ ಅಣ್ಣ ಲಿಂಗ ಹಿಡಿದು ಸುಳ್ಳು ಹೇಳುವವನಲ್ಲ ಅಂದಿದ್ದಳು. ಒಮ್ಮೆ ಹಾಗೆ ಮೋಸ ಹೋದವಳಿಗೆ ಆಣೆಯೆಂದರೆ ಮುಚ್ಚಿದ ಬಾಗಿಲಿದ್ದ ಹಾಗೆ, ಒಳಗೆ ಏನೋ ಇರುವುದಕ್ಕೇ ಮುಚ್ಚಿದ್ದಾರೆ ಅನ್ನಿಸುತ್ತದೆ.

ಶಿವಶರಣನಿಗೆ ಮಾತ್ರ ಆ ಒಂದು ಮಾತಿನಿಂದ ಹಗುರವಾಯಿತು. ಬೆಂಚಿನ ಮೇಲಿನ ನಗು ಅವನಿಗೂ ನಾಟಿತ್ತು. ಸೇಠರು, ನೆರೆಯವರು, ಯಾರು ಏನಾದರೂ ಅಂದುಕೊಳ್ಳಲಿ, ಮನೆಯವಳು ನಂಬಿದಳಲ್ಲ ಎಂದು ಅವನು ಆ ದಿನದಿಂದಲೇ ಡಾಕ್ಟರು ಹೇಳಿದ್ದನ್ನೆಲ್ಲ ಹಿಡಿದ. ಮುಂಜಾನೆ ಪ್ರೀತಿಯ ಜೊತೆ, ಊರವರು ಅಪ್ಪನ ಕೆರೆ ಅನ್ನುವ ಕೆರೆಯ ಸುತ್ತ ನಡೆಯಲು ಹೊರಟ. ಮೊದಮೊದಲು ಅರ್ಧಕ್ಕೇ ಏದುಸಿರು ಬಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ, ಪ್ರೀತಿ ಅಂಗಿ ಹಿಡಿದು ಎಳೆಯುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಅವನೇ ಮುಂದೆ, ಮಗಳು ಹಿಂದೆ. ಅಂಗಡಿಗೆ ಹೋಗಲು ಆಟೋ ಹತ್ತುವುದನ್ನು ಬಿಟ್ಟ. ಸಂಜೆಯ ಮಿರ್ಚಿ ಭಜಿ, ಚುರುಮುರಿಯ ಸೂಸಲಾ ಬಿಟ್ಟ. ಮಂಡಿ ನೋವಿಗೆ ತಂದಿಟ್ಟುಕೊಂಡಿದ್ದ ಗುಳಿಗೆಗಳನ್ನು ತಾನೇ ಕಸದ ಬುಟ್ಟಿಗೆ ಹಾಕಿ ಬಿಸಿನೀರಿನ ಕಾವು ಕೊಟ್ಟುಕೊಂಡ. ಜವಳಿಯ ಚಹಾ ಮುಂದೆ ಬಂದರೆ ಕಪ್ಪು ಎತ್ತಿ ತುಟಿಗೆ ತಾಗಿಸಿ ಕೆಳಗಿಡುವುದನ್ನು ಕಲಿತ. ಹಿರಿಯರಿಗೆ ಸಮಾಧಾನ, ಲಿವರಿಗೂ ಸಮಾಧಾನ. ಆಮೇಲೆ ತನ್ನದೇ ಬೇರೆ, ಸಕ್ಕರೆ ಹಾಕದ ಕರಿ ಚಹಾ ತರಿಸುತ್ತಿದ್ದ. ಜೊತೆಗೆ ಕೆಲಸ ಮಾಡುವ ಶಬ್ಬೀರ್ ಅದಕ್ಕೆ ಕಷಾಯವೆಂದು ಹೆಸರಿಟ್ಟಿದ್ದ, ಕಾಢಾ ಬಂತು ನೋಡ್ರಿ, ಶಿವಶರಣ ಭಾಯಿಯ ಕಾಢಾ ಅನ್ನುತ್ತಿದ್ದನಂತೆ. ಶಿವಶರಣ ಮನೆಗೆ ಬಂದು ಅದನ್ನೂ ಹೇಳಿ ನಗುತ್ತಿದ್ದ.

ಮಳೆಗಾಲದಲ್ಲಿ ಮತ್ತೆ ರಕ್ತ ಪರೀಕ್ಷೆಯಾಯಿತು. ಪ್ರೀತಿ ಮೆಟ್ಟಿಲು ಹತ್ತುವಾಗಲೇ ಕೂಗಿ ಹೇಳಿದಳು, ಅಪ್ಪಾನ ಲಿವರಿನ ಅಂಕಿ ಇಳಿದದ, ಡಾಕ್ಟರು ಶಭಾಷ್ ಅಂದಾರ ಅಂತ. ಶಿವಶರಣ ಬೆಲ್ಟಿಗೆ ಹೊಸದಾಗಿ ಹಾಕಿಸಿದ ತೂತನ್ನು ಹೆಂಡತಿಗೆ ತೋರಿಸಿದ. ನಾಗರತ್ನಾ ಇಬ್ಬರಿಗೂ ರೊಟ್ಟಿ ಬಡಿಸಿದಳು, ತಾನೂ ಸಂತೋಷಪಟ್ಟಳು. ಆದರೆ ಆ ಸಂತೋಷದ ಒಳಗೇ ಹುಳ ಹೊಕ್ಕಿತು. ಚಹಾದ ಸಕ್ಕರೆ ಬಿಟ್ಟ ಮಾತ್ರಕ್ಕೆ, ಕೆರೆ ಸುತ್ತಿದ ಮಾತ್ರಕ್ಕೆ ಲಿವರಿನ ರೋಗ ಇಳಿಯುತ್ತದೇನು? ಇಳಿದಿದೆ ಅಂದರೆ ಇವರು ಏನನ್ನೋ ಬಿಟ್ಟಿದ್ದಾರೆ. ಬಿಡುವಂಥದ್ದು ಏನೋ ಇತ್ತು. ದೌಲಪ್ಪನೂ ಒಂದು ಮಳೆಗಾಲ ಪೂರ್ತಿ ಬಿಟ್ಟು, ಮೈ ಇಳಿದು, ಎಲ್ಲರನ್ನೂ ಖುಷಿಪಡಿಸಿ, ದೀಪಾವಳಿ ಮುಂದೆ ಮತ್ತೆ ಹಿಡಿದಿದ್ದ. ಎರಡನೇ ಸಲ ಹಿಡಿದವನು ಉಳಿಯಲಿಲ್ಲ.

ಅದೇ ವಾರ, ಹಬ್ಬದ ಗಿರಾಕಿಗಳಿಂದ ಅಂಗಡಿ ತುಂಬಿದ್ದ ಒಂದು ದಿನ, ಶಿವಶರಣ ತಡವಾಗಿ ಬಂದು ಚಪ್ಪಲಿ ಬಿಡುವಾಗ ಯಾಲಕ್ಕಿಯ ವಾಸನೆ ಬಂತು. ಅವಳು ಏನೂ ಕೇಳಲಿಲ್ಲ. ಕೇಳಿದರೆ ಮತ್ತೊಂದು ಆಣೆ.

ಪಂಚಮಿಗೆ ತವರಿಗೆ ಹೋದಾಗ ಅತ್ತಿಗೆ ಶಿವಕಾಂತಮ್ಮನ ಎದುರು ಆ ಸಂಶಯ ಬಾಯಿಗೆ ಬಂತು. ದೌಲಪ್ಪ ಹೋದ ಮೇಲೆ ತೋಟವನ್ನು ತಾನೇ ನೋಡಿಕೊಂಡು ಬಂದ ಗಟ್ಟಿ ಹೆಂಗಸು ಅವಳು. ಉಂಡಿ ಕಟ್ಟುತ್ತಾ ಕಟ್ಟುತ್ತಾ ಎಲ್ಲ ಕೇಳಿದಳು. ಕೇಳಿ ಆಶ್ಚರ್ಯಪಡಲಿಲ್ಲ, ಅದೇ ನಾಗರತ್ನಾಳನ್ನು ಹೆಚ್ಚು ಹೆದರಿಸಿದ್ದು. ಕಮಲಾಪುರದ ಆಚೆಯ ಹಳ್ಳಿಯೊಂದರಲ್ಲಿ ಕುಡಿತ ಬಿಡಿಸುವ ಪುಡಿ ಕೊಡುವವನೊಬ್ಬನಿದ್ದಾನೆ, ದೌಲಪ್ಪನಿಗೂ ತಂದಿದ್ದೆ, ಆದರೆ ತಡವಾಗಿತ್ತು ಎಂದಳು. ಎಷ್ಟೋ ಮನೆಯ ಹೆಣ್ಣುಮಕ್ಕಳು ಅವನಲ್ಲಿಗೆ ಹೋಗುತ್ತಾರೆ, ಯಾರೂ ಯಾರಿಗೂ ಹೇಳುವುದಿಲ್ಲ. ಅದಕ್ಕೊಂದು ನೇಮವಿದೆ. ಹೆಂಡತಿ ತನ್ನ ಕೈಯಾರೆ ಊಟದಲ್ಲಿ ಕಲಸಬೇಕು, ಗಂಡನಿಗೆ ಗೊತ್ತಾಗಬಾರದು. ಗೊತ್ತಾದರೆ ತಾಗುವುದಿಲ್ಲ.

"ಡಾಕ್ಟರು ಪುಡಿಗಿಡಿ ಬ್ಯಾಡ ಅಂದಾರ, ವೈನಿ."

"ಅದು ಲಿವರಿನ ಔಷಧಕ್ಕ ಅಂದಿರತಾರ. ಇದು ಲಿವರಿಂದಲ್ಲವಾ, ಚಟದ್ದು," ಅಂದಳು ಶಿವಕಾಂತಮ್ಮ. "ನಾ ನಿಮ್ಮಣ್ಣಗ ತಡಾ ಮಾಡಿದೆ. ನೀ ಮಾಡಬ್ಯಾಡ."

ಪಂಚಮಿ ಮುಗಿಸಿ ಬರುವಾಗ ನಾಗರತ್ನಾಳ ಚೀಲದಲ್ಲಿ ಕೆಂಪು ಬಾಳೆಯ ಒಂದು ಚಿಪ್ಪು, ಉಂಡಿಯ ಡಬ್ಬಿ, ಡಬ್ಬಿಯ ಕೆಳಗೆ ಬೂದು ಬಣ್ಣದ ಪುಡಿಯ ಒಂದು ಪೊಟ್ಟಣ ಇತ್ತು.

ಪುಡಿ ಕಹಿ. ನಾಲಗೆಗೆ ಹಚ್ಚಿ ನೋಡಿದ್ದಳು. ಬೇಳೆಯಲ್ಲಿ ಹಾಕಿದರೆ ತಿಳಿಯುತ್ತದೆ, ಮಜ್ಜಿಗೆಯಲ್ಲಿ ಬಣ್ಣ ಕಾಣುತ್ತದೆ. ಯೋಚಿಸಿ ಯೋಚಿಸಿ ಪುಂಡಿಪಲ್ಯ ಮಾಡಿ, ಅವನ ಪಾಲಿನದಕ್ಕೆ ಮಾತ್ರ ಕಲಸಿದಳು. ಪುಂಡಿ ಸೊಪ್ಪಿನ ಹುಳಿ, ಹಸಿಮೆಣಸಿನ ಖಾರ, ಬೆಳ್ಳುಳ್ಳಿಯ ಘಾಟು, ಇದರೊಳಗೆ ಏನಾದರೂ ಮುಳುಗಿಹೋಗುತ್ತದೆ. ಅಲ್ಲದೆ ಅವನಿಗೆ ಅದು ಪ್ರಾಣ. ರೊಟ್ಟಿಯ ಮೇಲೆ ಪುಂಡಿಪಲ್ಯ ಬಿದ್ದರೆ ಬೇರೆ ಏನೂ ಕೇಳುವವನಲ್ಲ.

ಮೊದಲ ತುತ್ತಿಗೆ ಅವನ ಬಾಯಿ ನಿಂತಿತು. ಅವಳು ಒಲೆಯ ಮೇಲಿನ ರೊಟ್ಟಿ ತಿರುವುತ್ತಿದ್ದಳು. ಕೈ ತಿರುವುತ್ತಿತ್ತು, ಕಣ್ಣು ಮಾತ್ರ ಅವನ ಮೇಲಿತ್ತು. ಅವನು ಅವಳ ಕಡೆ ಒಮ್ಮೆ ನೋಡಿದ. ಆಮೇಲೆ ಅಗಿದು ನುಂಗಿದ. ಪ್ರೀತಿ ತನಗೂ ಪಲ್ಯ ಬೇಕೆಂದು ಅವನ ತಾಟಿಗೆ ಕೈ ಹಾಕಲು ಹೋದಾಗ ಅವನೇ ತಾಟನ್ನು ಸರಿಸಿ, ನಿನಗ ಬ್ಯಾರೇದು ಅದ ತಗೋ ಅಂದ. ತಾಟಿನಲ್ಲಿದ್ದುದನ್ನು ಒರೆಸಿ ತಿಂದು ಎದ್ದ.

ಗೊತ್ತಾಗಲಿಲ್ಲ ಎಂದು ನಾಗರತ್ನಾ ದೇವರಿಗೆ ಕೈಮುಗಿದಳು.

ಶ್ರಾವಣ ಕಳೆಯಿತು, ಗಣಪತಿ ಬಂದು ಹೋದ. ವಾರದಲ್ಲಿ ಹೆಚ್ಚು ದಿನ ಪುಂಡಿಪಲ್ಯವೇ ಆಗುತ್ತಿತ್ತು, ಅವನು ಒಂದು ದಿನವೂ ಬೇಡ ಅನ್ನಲಿಲ್ಲ. ಯಾಲಕ್ಕಿಯ ವಾಸನೆ ಬಾರದ ದಿನ ಪುಡಿ ಹಿಡಿಯುತ್ತಿದೆ ಅಂದುಕೊಂಡಳು, ಬಂದ ದಿನ ಚಿಟಿಕೆ ಹೆಚ್ಚಿಗೆ ಹಾಕಿದಳು. ದಸರೆಯ ಹೊತ್ತಿಗೆ ಅವನಿಗೆ ಹಸಿವು ಹೋಯಿತು. ಕೆರೆಯ ಅರ್ಧ ಸುತ್ತಿಗೇ ಮತ್ತೆ ಕಟ್ಟೆ ಹಿಡಿದು ಕೂರತೊಡಗಿದ. ಮೈಯೆಲ್ಲ ತುರಿಕೆ. ಒಂದು ಮುಂಜಾನೆ ಬಾಗಿಲ ಬೆಳಕಿನಲ್ಲಿ ಪ್ರೀತಿ ಅಪ್ಪನ ಮುಖ ಹಿಡಿದು ನೋಡಿ ಅವ್ವಾ ಎಂದು ಕೂಗಿದಳು. ಅವನ ಕಣ್ಣುಗಳು ಹಳದಿಯಾಗಿದ್ದವು. ನಾಗರತ್ನಾಳಿಗೆ ಗುರುತಿನ ಹಳದಿ ಅದು.

ದವಾಖಾನೆಯಲ್ಲಿ ಸೇರಿಸಿಕೊಂಡರು. ಅದೇ ಡಾಕ್ಟರು ಬಂದರು, ಕಾಗದಗಳನ್ನು ನೋಡಿ ಅವರ ಹುಬ್ಬು ಗಂಟಾಯಿತು. ಇಳಿದದ್ದು ಹೀಗೆ ಏಕಾಏಕಿ ಏರಬಾರದು ಅಂದರು. ಕಾಮಾಲೆಯ ಸೋಂಕಿದೆಯೇ ಎಂದು ಪರೀಕ್ಷೆ ಮಾಡಿಸಿದ್ದರು, ಇರಲಿಲ್ಲ. ನೋವಿನ ಗುಳಿಗೆ ತಗೊಂಡಿರಾ? ಇಲ್ಲ. ಊರ ಔಷಧ, ಪುಡಿ, ಕಷಾಯ, ಏನಾದರೂ?

ಶಿವಶರಣ ಹೆಂಡತಿಯ ಕಡೆ ನೋಡಿದ. ನಾಗರತ್ನಾ ಮಂಚದ ಕಂಬಿ ಹಿಡಿದು ನಿಂತಿದ್ದಳು. ಸುತ್ತ ನರ್ಸುಗಳು, ಪಕ್ಕದ ಮಂಚದವರು, ಪ್ರೀತಿ.

"ಏನೂ ಇಲ್ರಿ ಸಾಹೇಬ್ರ," ಅಂದ ಶಿವಶರಣ.

ಅವನು ಅಷ್ಟು ಖಚಿತವಾಗಿ ಅಂದದ್ದರಿಂದ ಅವಳಿಗೆ ಅನ್ನುವುದು ಇನ್ನೂ ಕಷ್ಟವಾಯಿತು. ಒಳಗೊಳಗೇ ಇನ್ನೊಂದು ಲೆಕ್ಕವೂ ಓಡುತ್ತಿತ್ತು. ಪುಡಿಯಿಂದಲೇ ಆಗಿದೆ ಅಂತ ಯಾರಿಗೆ ಗೊತ್ತು? ಹೊರಗೆ ಎಲ್ಲೋ ಮತ್ತೆ ಕುಡಿದಿದ್ದರೆ? ದೌಲಪ್ಪನದೂ ಹೀಗೆಯೇ ಆಗಿತ್ತಲ್ಲ.

ಆ ಲೆಕ್ಕವನ್ನು ಮುರಿದವನು ಶಬ್ಬೀರ್. ಮರುದಿನ ಮಧ್ಯಾಹ್ನ ಅಂಗಡಿಯಿಂದ ನೇರ ಬಂದಿದ್ದ. ಶಿವಶರಣ ನಿದ್ದೆಯಲ್ಲಿದ್ದ, ಪ್ರೀತಿ ಔಷಧ ತರಲು ಹೋಗಿದ್ದಳು. ಶಬ್ಬೀರ್ ಹೊರಗಿನ ಜಗಲಿಯ ಮೇಲೆ ಕೂತು, ಮಾತು ಹೊಳೆಯದೆ, ಅಂಗಡಿಯ ಸುದ್ದಿಯನ್ನೇ ಹೇಳತೊಡಗಿದ. ಸೇಠರ ಮಗನ ಮದುವೆಯಲ್ಲಿ ಎಲ್ಲರಿಗೂ ಬಾಟಲಿ ತೆರೆದಾಗ ಶಿವಶರಣ ಯಾರಿಗೂ ಹೇಳದೆ ಹಿಂದಿನ ಬಾಗಿಲಿಂದ ಎದ್ದು ಬಂದದ್ದು, ಅದನ್ನು ಹಿಡಿದು ತಾವೆಲ್ಲ ಎಷ್ಟೋ ವರ್ಷ ಕಾಡಿದ್ದು ಎಲ್ಲ ಹೇಳಿದ. ಅವನ ಗಾದಿಯ ಕೆಳಗಿನ ಯಾಲಕ್ಕಿ ಡಬ್ಬಿ ಈಗ ಖಾಲಿ ಕೂತಿದೆ ಅಂದ.

ನಾಗರತ್ನಾ ಅವನ ಕಡೆ ತಿರುಗಿದಳು. ಯಾಲಕ್ಕಿ ಯಾಕೆ ಎಂದು ಕೇಳಿದಳು. ತಾನು ಎಂದೂ ಗಂಡನನ್ನೇ ಕೇಳದ ಪ್ರಶ್ನೆ ಅದು ಎಂದು ಕೇಳಿದ ಮೇಲೆ ಹೊಳೆಯಿತು.

"ಅರೆ ಭಾಬಿ, ನಿಮಗ ಹೇಳಿಲ್ಲೇನು? ಸೀಜನ್ನಾಗ ತಡಾ ಆದ್ರ ನಾವೆಲ್ಲಾ ಹೊರಗ ಉಂಡುಬಿಡ್ತೀವಿ. ಅವ ಎರಡ ಯಾಲಕ್ಕಿ ಬಾಯಾಗ ಹಾಕ್ಕೊಂಡು ಕೂಡತಾನ, ಹಸಿವಿ ತಡೀತದ ಅಂತ. ಮನ್ಯಾಗ ಆಕಿ ಉಣದಂಗ ಕಾಯತಿರತಾಳ, ನಾ ತಿಂದು ಹೋದ್ರ ಆಕಿ ಒಬ್ಬಾಕಿ ಉಣಬೇಕಾಗತದ ಅಂತಾನ."

ಶಬ್ಬೀರ್ ಇನ್ನೂ ಏನೇನೋ ಹೇಳುತ್ತಿದ್ದ. ನಾಗರತ್ನಾ ಎದ್ದು ನಿಂತಿದ್ದಳು. ಆಟೋ ಹಿಡಿದು ಮನೆಗೆ ಹೋಗಿ, ಅಕ್ಕಿಯ ಡಬ್ಬಿಯ ಹಿಂದೆ ಉಳಿದಿದ್ದ ಪೊಟ್ಟಣ ತಂದು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಏನು, ಎಂದಿನಿಂದ, ಯಾವುದಕ್ಕೆ ಎಂದು ಎಲ್ಲವನ್ನೂ ಹೇಳಿದಳು. ಬೈಯುತ್ತಾರೆಂದು ಕಾದಳು. ಡಾಕ್ಟರು ಪೊಟ್ಟಣ ಬಿಚ್ಚಿ ಮೂಸಿ ನೋಡಿದರು, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆರೋಗ್ಯವಾಗಿದ್ದ ಲಿವರ್ ಆಗಿದ್ದರೆ ತಡೆದುಕೊಳ್ಳುತ್ತಿತ್ತೋ ಏನೋ, ಇದು ಈಗಷ್ಟೇ ಚೇತರಿಸಿಕೊಳ್ಳುತ್ತಿತ್ತು ಅಂದರು. ಈಗಲಾದರೂ ಹೇಳಿದಿರಿ, ಆದಷ್ಟು ನೋಡೋಣ ಅಂದರು. ಅವನು ಉಳಿಯುವುದಿಲ್ಲವೆಂದು ಅವರ ದನಿಯ ಮೆದುತನದಿಂದಲೇ ನಾಗರತ್ನಾಳಿಗೆ ಅರ್ಥವಾಯಿತು. ಯಜಮಾನರಿಗೆ ತಾನು ಹೇಳಲೇ ಎಂದು ಡಾಕ್ಟರು ಕೇಳಿದರು. ನಾನೇ ಹೇಳ್ತೀನ್ರಿ ಅಂದಳು.

ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಕಾಲಿನ ಮೇಲೆ ಬಿದ್ದಿತ್ತು. ಶಿವಶರಣ ಎಚ್ಚರವಿದ್ದ. ಹೊಟ್ಟೆ ಉಬ್ಬಿ ಮುಖ ಬತ್ತಿತ್ತು, ದೌಲಪ್ಪನ ಮುಖವೇ ಅನ್ನಬೇಕು, ಕಣ್ಣಿನ ನಗು ಒಂದನ್ನು ಬಿಟ್ಟು. ಅವಳು ಸ್ಟೂಲಿನ ಮೇಲೆ ಕೂತು ಅವನ ಕೈ ಹಿಡಿದಳು. ಪುಂಡಿಪಲ್ಯದಲ್ಲಿ ನಾನು ಅಂದಳು, ಮುಂದೆ ಹೋಗಲಾಗಲಿಲ್ಲ.

"ಗೊತ್ತದ," ಅಂದ ಅವನು. "ಮೊದಲನೇ ತುತ್ತಿಗೇ ಗೊತ್ತಾತು. ಎಷ್ಟು ಕಹಿ ಇತ್ತಲ್ಲೇ."

ನಾಗರತ್ನಾ ಅವನ ಮುಖವನ್ನೇ ನೋಡಿದಳು.

ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ. ಕಮಲಾಪುರದಿಂದ ಲಿವರಿಗೆ ಏನೋ ಔಷಧ ತಂದಿದ್ದಾಳೆ, ಡಾಕ್ಟರು ಬೇಡ ಅಂದದ್ದಕ್ಕೆ ಅಂಜಿ ಮುಚ್ಚಿ ಹಾಕುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ಅಣ್ಣನನ್ನು ಕಳೆದುಕೊಂಡವಳು, ಅವಳ ಜೀವ ಎಷ್ಟು ಹೊಡೆದುಕೊಳ್ಳುತ್ತಿದೆಯೋ, ತಿಂದರೆ ಅವಳಿಗೊಂದು ಸಮಾಧಾನ ಅಂದುಕೊಂಡ. ಡಾಕ್ಟರು ಕೇಳಿದಾಗ ಹೌದೆಂದರೆ ಅಷ್ಟು ಮಂದಿಯ ಮುಂದೆ ಅವಳಿಗೆ ಬೈಯುತ್ತಿದ್ದರು, ಅದಕ್ಕೇ ಇಲ್ಲ ಅಂದೆ ಅಂದ. ತಪ್ಪು ಮಾಡಿದೆನೇನೋ ಎಂದು ಅವನೇ ಅವಳನ್ನು ಕೇಳಿದ.

ಅದು ಲಿವರಿನ ಔಷಧ ಅಲ್ಲ ಅನ್ನುವ ಮಾತು ನಾಗರತ್ನಾಳ ನಾಲಗೆಯ ಮೇಲೆ ಬಂದು ಕೂತಿತ್ತು.

"ಎಲ್ಲಾರೂ ನಕ್ಕರು ನೋಡು ಅವತ್ತು," ಅಂದ ಅವನು. "ಬೆಂಚಿನ ಮ್ಯಾಲಿನ ಮುದುಕ, ಡಾಕ್ಟರು ಸುದ್ದಾ. ನೀ ಒಬ್ಬಾಕಿ ನಗಲಿಲ್ಲ. ನಂಬಿದಿ. ಅದರ ಮ್ಯಾಲೇ ನಾ ಕೆರಿ ಸುತ್ತೀನಿ, ಗೊತ್ತೇನು?"

ಕೈ ಅವನ ಕೈಯಲ್ಲಿತ್ತು. ಅವಳು ಕಿಟಕಿಯ ಕಡೆ ನೋಡಿದಳು, ಸಲಾಯಿನ್ ಬಾಟಲಿಯ ಕಡೆ ನೋಡಿದಳು. ನೋಡಲು ಬೇರೇನೂ ಉಳಿಯದಿದ್ದಾಗ ಅವನನ್ನು ನೋಡಿದಳು.

"ನಂಬೀನ್ರಿ," ಅಂದಳು.

ಈ ಸಲ ಅದು ನಿಜವಾಗಿತ್ತು.

ದೀಪಾವಳಿಗೆ ಮೊದಲೇ ಅವನು ಹೋದ. ಊರೂರಿನಿಂದ ಮಂದಿ ಬಂದರು. ಸೂಪರ್ ಮಾರ್ಕೆಟಿನ ಅರ್ಧ ಬಟ್ಟೆ ಅಂಗಡಿಗಳವರು ಬ್ರಹ್ಮಪುರದ ಆ ಸಣ್ಣ ಓಣಿಯಲ್ಲಿ ನಿಂತಿದ್ದರು. ಮಣ್ಣು ಮಾಡಿ ಬಂದ ಮೇಲಿನ ದಿನಗಳಲ್ಲಿ ಗಂಡಸರು ಹೊರಗೆ ಕಟ್ಟೆಯ ಮೇಲೆ, ಹೆಂಗಸರು ಒಳಗೆ ಕೂರುತ್ತಿದ್ದರು. ಲಿವರಂತೆ ಎಂದು ಒಬ್ಬರು ಅನ್ನುವುದು, ಹೌದೇನು ಎಂದು ಇನ್ನೊಬ್ಬರು ಒಂದು ಗಳಿಗೆ ಸುಮ್ಮನಾಗುವುದು ನಾಗರತ್ನಾಳಿಗೆ ಕೇಳಿಸುತ್ತಿತ್ತು. ಆ ಒಂದು ಗಳಿಗೆಯಲ್ಲಿ ಏನಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದಿವಸದ ಕಾರ್ಯದ ಹಿಂದಿನ ದಿನ ಶಿವಕಾಂತಮ್ಮ ಬಂದಳು. ನಾದಿನಿಯನ್ನು ತಬ್ಬಿ ಅತ್ತಳು. ಅಳು ನಿಂತ ಮೇಲೆ ಅವಳ ಬೆನ್ನು ಸವರುತ್ತಾ, ಎಲ್ಲರೂ ಕೇಳುವ ಹಾಗೆಯೇ, ಸಮಾಧಾನದ ಮಾತು ಅಂತಲೇ ಅಂದಳು.

"ಕುಡ್ಯೋ ಗಂಡಸರ ಹೆಂಡರ ಹಣೀಬರಾನೇ ಇಷ್ಟ ನೋಡವಾ. ನನ್ನದು ಆತು, ನಿಂದೂ ಆತು. ನೀ ಮಾಡೋದೆಲ್ಲಾ ಮಾಡಿದಿ."

ಗೋಡೆಗೊರಗಿ ಕೂತಿದ್ದ ಪ್ರೀತಿ ತಲೆಯೆತ್ತಿದಳು. ಅಪ್ಪ ಕುಡೀತಿದ್ದನೇ ಎಂದು ಅವಳು ಯಾರನ್ನೂ ಕೇಳಲಿಲ್ಲ. ಅವ್ವ ಏನನ್ನುತ್ತಾಳೆಂದು ಅವ್ವನ ಮುಖ ನೋಡಿದಳು, ಅಷ್ಟೇ. ಒಳಗಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಪುಡಿಯ ಮಾತು ಇಲ್ಲಿಗೆ ಮುಗಿಯುತ್ತಿತ್ತು, ಮಗಳು ತನ್ನವಳಾಗಿಯೇ ಉಳಿಯುತ್ತಿದ್ದಳು. ಇಡೀ ಓಣಿ ಒಬ್ಬ ಕುಡುಕನಿಗೆ ಮರುಗಿ ಮನೆಗೆ ಹೋಗುತ್ತಿತ್ತು.

"ಅವರು ಕುಡೀತಿರಲಿಲ್ಲ, ವೈನಿ," ಅಂದಳು ನಾಗರತ್ನಾ. ತನ್ನ ದನಿ ಇಷ್ಟು ಸಾದಾ ಇರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಒಂದ ದಿನಾನೂ ಕುಡದವರಲ್ಲ. ಲಿಂಗ ಹಿಡದು ಹೇಳಿದ್ರು, ನಾ ನಂಬಲಿಲ್ಲ. ಡಾಕ್ಟರು ಹೇಳಿದ್ದೆಲ್ಲಾ ಮಾಡಿ ಅವರು ಆರಾಮ ಆಗಲಾಕತ್ತಿದ್ರು. ನಾ ಕುಡಿತ ಬಿಡಿಸೋ ಪುಡಿ ಹಾಕಿ ಹಾಕಿ ಉಣಿಸಿದೆ. ಅದರಿಂದ ಹೋದ್ರು."

ಶಿವಕಾಂತಮ್ಮನ ಕೈ ಅವಳ ಬೆನ್ನ ಮೇಲೇ ನಿಂತುಹೋಯಿತು. ಯಾರೋ ಒಬ್ಬಳು, ಹುಚ್ಚುಚ್ಚಾರ ಮಾತಾಡಬ್ಯಾಡ ಅಂದಳು. ಕೆಲವರು ಸೆರಗು ಬಾಯಿಗೆ ಹಿಡಿದರು. ಬಾಗಿಲ ಹತ್ತಿರ ಕೂತಿದ್ದ ಒಬ್ಬ ನಡುವಯಸ್ಸಿನವಳು ಮಾತ್ರ ತಟ್ಟನೆ ತಲೆ ತಗ್ಗಿಸಿದಳು. ಕೋಟನೂರಿನಿಂದ ಬಂದವಳು, ಯಾರ ಕಡೆಯ ನೆಂಟಳೋ ನಾಗರತ್ನಾಳಿಗೆ ತಿಳಿಯದು. ಸ್ವಲ್ಪ ಹೊತ್ತಿಗೆ ಎದ್ದು, ತನ್ನ ಒಲೆಯ ಮೇಲೆ ಏನನ್ನೋ ಬಿಟ್ಟು ಬಂದವಳ ಹಾಗೆ, ಯಾರಿಗೂ ಹೇಳದೆ ಹೋಗಿಬಿಟ್ಟಳು.

ಪ್ರೀತಿ ಅಳಲಿಲ್ಲ. ಎದ್ದು ಒಳಗೆ ಹೋಗಿ, ಬಡಿದು ಮುಚ್ಚದೆ, ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಆ ದಿನ ಅವ್ವನ ಜೊತೆ ಮಾತಾಡಲಿಲ್ಲ. ದಿವಸ ಮುಗಿಯಿತು, ನೆಂಟರು ಹೋದರು, ಆಗಲೂ ಮಾತಾಡಲಿಲ್ಲ. ಬಡಿಸಿದ್ದನ್ನು ತಿನ್ನುವ ಮೊದಲು ತಾಟನ್ನು ಒಂದು ಕ್ಷಣ ನೋಡುತ್ತಿದ್ದಳು. ಅವಳು ಬೇಕೆಂದು ಹಾಗೆ ಮಾಡುತ್ತಿರಲಿಲ್ಲ, ನಾಗರತ್ನಾಳಿಗೆ ಅದೂ ಗೊತ್ತಿತ್ತು. ಗೊತ್ತಿದ್ದೂ ಆ ಒಂದು ಕ್ಷಣ ಅವಳು ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

ಒಂದು ಮುಂಜಾನೆ ಕದ ಸರಿದ ಸದ್ದಿಗೆ ಎಚ್ಚರವಾಯಿತು. ಪ್ರೀತಿ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಳು. ನಾಗರತ್ನಾ ಮುಖಕ್ಕೆ ನೀರು ಹಾಕಿಕೊಂಡು, ಸೆರಗು ಸಿಕ್ಕಿಸಿ ಹಿಂದೆಯೇ ಹೊರಟಳು. ಓಣಿ ದಾಟಿ, ದೊಡ್ಡ ರಸ್ತೆ ದಾಟಿ, ಅಪ್ಪನ ಕೆರೆಯ ಹತ್ತಿರ ಬಂದಾಗ ಬೆಳಕು ಹರಿದಿತ್ತು. ಚಳಿಯಲ್ಲಿ ಟೊಪ್ಪಿಗೆ ಹಾಕಿಕೊಂಡ ಮುದುಕರು ಕೈಬೀಸಿ ನಡೆಯುತ್ತಿದ್ದರು. ಅವರಲ್ಲೊಬ್ಬರು ಪ್ರೀತಿಯನ್ನು ಗುರುತಿಸಿ, ಅಪ್ಪಾಜಿ ಯಾಕ ಬಂದಿಲ್ಲವಾ ಎಂದು ಕೇಳಿದರು. ಅವಳು ಏನಂದಳೋ ನಾಗರತ್ನಾಳಿಗೆ ಕೇಳಿಸಲಿಲ್ಲ. ಆ ಹಿರಿಯರು ತಲೆಯ ಟೊಪ್ಪಿಗೆ ತೆಗೆದು ನಿಂತುಬಿಟ್ಟದ್ದು ಕಾಣಿಸಿತು.

ಅರ್ಧ ಸುತ್ತಿಗೇ ನಾಗರತ್ನಾಳಿಗೆ ಉಸಿರು ಹತ್ತಿತು. ಅವನು ಮೊದಮೊದಲು ಕೂರುತ್ತಿದ್ದನಲ್ಲ, ಆ ಕಟ್ಟೆ ಇದೇ ಇರಬೇಕು. ಕೂರಲಿಲ್ಲ. ಪ್ರೀತಿ ಒಮ್ಮೆ ತಿರುಗಿ ನೋಡಿದಳು, ಅವ್ವ ಹಿಂದೆ ಬರುತ್ತಿರುವುದು ಅವಳಿಗೆ ಮನೆಯಿಂದಲೇ ಗೊತ್ತಿತ್ತೆಂದು ಕಾಣುತ್ತದೆ. ಅವಳು ನಿಲ್ಲಲಿಲ್ಲ, ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಡಿಗೆಯನ್ನು ನಿಧಾನ ಮಾಡಿದಳೋ ಇಲ್ಲವೋ ಹೇಳುವುದು ಕಷ್ಟ. ಇಬ್ಬರ ನಡುವೆ ಒಬ್ಬರು ನಡೆಯುವಷ್ಟು ಜಾಗ ಹಾಗೆಯೇ ಉಳಿದಿತ್ತು. ನಾಗರತ್ನಾ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಉಳಿದ ಅರ್ಧ ಸುತ್ತನ್ನು ನಡೆಯತೊಡಗಿದಳು.